ಎಡಗಡೆಯಿಂದ ಬಂದ ಮೂರು ಗೋಲು

ತಾಮ್ರದ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಅಲಾವೆರ್ದಿ ಊರಿನವರು ಎದೆಯುಬ್ಬಿಸಿ ಹೇಳಿಕೊಳ್ಳಲು ಉಳಿದದ್ದು ದೆಬೆದ್ ಫುಟ್ಬಾಲ್ ತಂಡ ಒಂದೇ. ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಹತ್ತು ತಂಡಗಳು. ಆ ವರ್ಷ ಚಳಿಗಾಲದ ಬಿಡುವಿನ ಹೊತ್ತಿಗೆ ನಾವು ಹತ್ತನೆಯವರು. ನಾನು ಎರಡನೆಯ ಗೋಲ್‌ಕೀಪರ್, ಅಂದರೆ ನಾಲ್ಕು ವರ್ಷದಿಂದ ಬೆಂಚು ಕಾಯುತ್ತಿದ್ದವನು. ಮೊದಲನೆಯವನು ಮೆಖಾಕ್. ಮೂವತ್ತೆಂಟು ದಾಟಿದ್ದ, ಕೋಚ್ ವರಾಜ್ದಾತರ ಒಡಹುಟ್ಟಿದ ತಮ್ಮ.

ಮಾರ್ಚಿನಲ್ಲಿ ಅಭ್ಯಾಸ ಶುರುವಾದಾಗ ಒಂದು ಸಂಗತಿ ಗಮನಕ್ಕೆ ಬಂತು. ಬಲಗಡೆಯ ಚೆಂಡನ್ನು ಮೆಖಾಕ್ ಬೆಕ್ಕಿನಂತೆ ಹಾರಿ ಹಿಡಿಯುತ್ತಿದ್ದ. ಎಡಗಡೆಯಿಂದ ಬಂದರೆ ಮಾತ್ರ ಒಂದು ಗಳಿಗೆ ತಡ. ಒಂದು ದಿನ ಸದ್ದಿಲ್ಲದೆ ಅವನ ಎಡಕ್ಕೆ ಹೋಗಿ ನಿಂತು ಕೈ ಬೀಸಿದೆ. ಅವನು ತಿರುಗಲೇ ಇಲ್ಲ.

"ಕೋಚ್, ಮೆಖಾಕಣ್ಣಂಗೆ ಎಡಗಣ್ಣು ಕಾಣ್ತಿಲ್ಲ."

ವರಾಜ್ದಾತ್ ಸಿಗರೇಟು ಹಚ್ಚಿದರು. "ಗೊತ್ತು ಕಣೋ ನೊರಾಯ್ರ್."

"ಗೊತ್ತಿದ್ದೂ ಆಡಿಸ್ತಿದೀರಾ?"

"ಆಟ ಬಿಟ್ರೆ ಅವನಿಗೆ ಇನ್ನೇನಿದೆ? ನಾನು ಬೇಡ ಅಂದ ದಿನ ಮನೇಲಿ ಕೂರ್ತಾನೆ. ಕೂತ್ರೆ ಮತ್ತೆ ಏಳಲ್ಲ. ಎಲ್ಲೂ ಬಾಯಿ ಬಿಡ್ಬೇಡ."

"ಮತ್ತೆ ನನ್ನ ಗತಿ?"

"ನಿಂಗಿನ್ನೂ ಇಪ್ಪತ್ತೇಳು. ಕಾಯಿ."

ಏಪ್ರಿಲ್‌ವರೆಗೆ ಕಾದೆ. ನಮಗಿಂತ ಒಂದೇ ಸ್ಥಾನ ಮೇಲಿದ್ದ ತಂಡದ ಜೊತೆ ಶನಿವಾರ ಪಂದ್ಯವಿತ್ತು. ಆ ತಂಡದ ವಾಚಿಕ್ ನನ್ನ ಹಳೆಯ ಗೆಳೆಯ. ಗುರುವಾರ ಫೋನ್ ಮಾಡಿದ.

"ಏನಪ್ಪಾ, ಬೆಂಚಿನ ಬಣ್ಣ ಎಲ್ಲ ನಿನ್ನ ಚಡ್ಡಿಗೇ ಹತ್ತಿದೆಯಂತೆ?" ಎಂದು ನಕ್ಕ.

ನನಗೆ ಮೈ ಉರಿದುಹೋಯಿತು. "ಶನಿವಾರ ಮೆಖಾಕನ ಎಡಕ್ಕೆ ಹೊಡೀರಿ. ಎತ್ತರಕ್ಕೆ," ಎಂದೆ.

"ಯಾಕೆ?"

"ಹೊಡೀರಿ ಅಂದ್ನಲ್ಲ."

ಅರ್ಧ ಆಟ ಮುಗಿಯುವುದರೊಳಗೆ ಮೂರು ಗೋಲು. ಮೂರೂ ಎಡಗಡೆಯಿಂದ. "ಏ ಅಜ್ಜಾ, ಮನೆಗ್ಹೋಗಿ ಸೂಪ್ ಕುಡ್ಕೊಂಡು ಮಲ್ಕೋ!" ಎಂದು ನಮ್ಮ ಊರಿನವರೇ ಕೂಗಿದರು. ಮೂರನೆಯದು ಮೆಖಾಕನ ಕಿವಿ ಸವರಿಕೊಂಡು ಒಳಗೆ ಹೋಯಿತು. ಅವನು ಗ್ಲೌಸು ಕಳಚಿ, ಯಾರನ್ನೂ ಕೇಳದೆ ಮೈದಾನದಿಂದ ಹೊರಗೆ ನಡೆದ. ಕೋಚ್ ತಲೆ ಎತ್ತಲಿಲ್ಲ.

ಗೋಲು ಕಾಯಲು ನಾನು ಇಳಿದೆ. ಇನ್ನೆರಡು ಬಿಟ್ಟೆ. ಉಳಿದ ಆರು ಪಂದ್ಯಗಳಲ್ಲೂ ನಾನೇ ನಿಂತೆ, ಒಂದನ್ನೂ ಗೆಲ್ಲಲಿಲ್ಲ. ಮೇ ಕೊನೆಗೆ ನಾವು ಕೆಳದರ್ಜೆಗೆ ಬಿದ್ದೆವು. ಜೂನಿನಲ್ಲಿ ತಂಡವನ್ನೇ ಮುಚ್ಚಿದರು.

ಎಲ್ಲ ಒಪ್ಪಿಕೊಂಡುಬಿಡೋಣವೆಂದು ಒಂದು ಸಂಜೆ ಮೆಖಾಕನ ಮನೆಗೆ ಹೋದೆ. ಅವನ ಹೆಂಡತಿ ಸಾತೆನಿಕ್ ಕಾಫಿ, ಏಪ್ರಿಕಾಟ್ ಹಣ್ಣು ತಂದಿಟ್ಟು ಒಳಗೆ ಹೋದಳು.

"ಈ ಕಡೆ ಕೂತ್ಕೋ, ಮುಖ ಕಾಣ್ಲಿ," ಎಂದ ಮೆಖಾಕ್. ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದ. "ನನ್ನ ಕಣ್ಣಿನ ವಿಷ್ಯ ಆ ತಂಡದೋರಿಗೆ ಯಾರೋ ಹೇಳಿದಾರೆ. ಬೇರೆ ಯಾರೂ ಅಲ್ಲ, ನಮ್ಮಣ್ಣನೇ. ಗೊತ್ತಿದ್ದಿದ್ದು ಅವ್ನೊಬ್ಬನಿಗೇ. ಆಡ್ಬೇಡ ಅಂತ ನನ್ನ ಮುಖಕ್ಕೆ ಹೇಳೋ ಧೈರ್ಯ ಬರ್ಲಿಲ್ಲ, ಹಿಂಗ್ ಮಾಡ್ದ. ಮಾತು ಬಿಟ್ಟಿದೀನಿ."

"ಅವರು ಅಂಥೋರಲ್ಲ ಅಣ್ಣ."

"ನಿಂಗೇನೋ ಗೊತ್ತು? ಕೈಯಾರೆ ಸಾಕಿದೋನು ಅವ್ನು ನನ್ನ."

ಗಂಟಲಿಗೆ ಬಂದ ಮಾತನ್ನು ಕಾಫಿಯ ಜೊತೆ ನುಂಗಿದೆ.

ಜುಲೈನಲ್ಲಿ ವರಾಜ್ದಾತ್ ಕೆಲಸ ಹುಡುಕಿಕೊಂಡು ರಷ್ಯಾಕ್ಕೆ ಹೊರಟರು. ಬಸ್ಸಿನ ಹತ್ತಿರ ಬೀಳ್ಕೊಡಲು ಬಂದವನು ನಾನೊಬ್ಬನೇ. ಅವರು ಮತ್ತೆ ಮತ್ತೆ ಮೆಖಾಕನ ಮನೆಯಿದ್ದ ಇಳಿಜಾರಿನ ಕಡೆ ನೋಡುತ್ತಿದ್ದರು. ಡ್ರೈವರ್ ಹಾರ್ನ್ ಹೊಡೆದ ಮೇಲೆ ನನ್ನ ತೋಳು ಹಿಡಿದರು.

"ನಾನಲ್ಲ ಅಂತ ಅವನಿಗೆ ಹೇಳು. ನೀನ್ ಹೇಳಿದ್ರೆ ನಂಬ್ತಾನೆ."

"ಹೇಳ್ತೀನಿ ಕೋಚ್," ಎಂದೆ.

ಮೂರು ವರ್ಷವಾಯಿತು. ಮೆಖಾಕ್ ವಾರಕ್ಕೊಮ್ಮೆಯಾದರೂ ಅಂಗಡಿಬೀದಿಯಲ್ಲಿ ಎದುರಾಗುತ್ತಾನೆ. ಇನ್ನೂ ಹೇಳಿಲ್ಲ.