ಪ್ರದರ್ಶನದ ಬೆಂಕಿ

"ಏ ಮುದುಕಪ್ಪಾ, ಏಣಿ ಮೇಲೇ ನಿದ್ದೆ ಹೋದ್ಯಾ? ಇಳಿಯೋ ಬೇಗ, ಇಲ್ಲಿ ಬಿಸಿಲಲ್ಲಿ ಸಾಯ್ತಾ ಇದೀವಿ!"

ಕುರ್ಚಿಗಳ ಸಾಲಿನಿಂದ ಈ ಮಾತು ಬಂದಾಗ ನಾನು ಏಣಿಯ ನಡುಮಧ್ಯದಲ್ಲಿದ್ದೆ. ಹೆಗಲ ಮೇಲೆ ಹುಲ್ಲು ತುಂಬಿದ ಗೋಣಿಬೊಂಬೆ. ಬೆಂಕಿಯಲ್ಲಿ ಸಿಕ್ಕಿಬಿದ್ದವರನ್ನು ಹೊತ್ತು ಇಳಿಸುವ ಅಭ್ಯಾಸಕ್ಕೆಂದು ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ಅದನ್ನು ಇಟ್ಟುಕೊಂಡಿದ್ದೆವು. ಆ ದಿನ ಬೊಂಬೆಯ ಮೈಮೇಲೆ ನನ್ನ ತಮ್ಮನ ಕೋಟಿತ್ತು.

ಅದನ್ನು ತೊಡಿಸಿದವರು ನಗರಸಭೆಯ ಲೆಕ್ಕಾಧಿಕಾರಿ. "ಬರೀ ಗೋಣಿ ಚೆನ್ನಾಗಿ ಕಾಣಲ್ಲ ಕಣ್ರೀ. ನೋಡಿದೋರ ಕರುಳು ಚುರ್ ಅನ್ಬೇಕು. ಅಲ್ಲಿ ಮೊಳೆಗೆ ಒಂದು ನೇತಾಡ್ತಿದೆಯಲ್ಲ, ಅದನ್ನ ಹಾಕಿ" ಎಂದಿದ್ದರು. ನಮ್ಮ ಠಾಣೆಯವನೇ ಆಗಿದ್ದ ತಮ್ಮ ಗೋದಾಮಿನ ಬೆಂಕಿ ಆರಿಸಲು ಹೋಗಿ ಸತ್ತ ಮೇಲೆ ಆ ಮೊಳೆಗೆ ಯಾರೂ ಬೇರೆ ಕೋಟು ಹಾಕಿರಲಿಲ್ಲ. ನಾನು ಬೇಡ ಎನ್ನಬೇಕಿತ್ತು. "ಆಗಲಿ ಸಾರ್" ಎಂದೆ.

ಹಾಗೆನ್ನಲು ಕಾರಣವಿತ್ತು. ಸರ್ಕಾರದಿಂದ ನಗರಸಭೆಗೆ ಬರುತ್ತಿದ್ದ ಹಣ ಕಡಿತವಾಗಿತ್ತು. ನಗರಸಭೆಯವರು ಮೊದಲು ಕತ್ತರಿ ಹಾಕಿದ್ದು ನಮ್ಮ ಸಂಬಳಕ್ಕೆ. ಮುಂದಿನ ಸರದಿ ಠಾಣೆಯ ಟೆಲಿಫೋನ್ ಕೋಣೆಯದು. ಅಲ್ಲಿ ಕೂತು ಕರೆಗಳನ್ನು ತೆಗೆದುಕೊಳ್ಳುವವಳು ನನ್ನ ತಮ್ಮನ ಹೆಂಡತಿ. ಗಂಡ ಸತ್ತ ಮೇಲೆ ಕೊಟ್ಟ ತಾತ್ಕಾಲಿಕ ಕೆಲಸ ಅದು. ಮನೆಗಳ ಮೇಲೆ ಒಂದು ಸಣ್ಣ ಅಗ್ನಿ ತೆರಿಗೆ ಹಾಕಿದರೆ ಅವಳ ಕೆಲಸ ಉಳಿಯುತ್ತದೆ, ನಮ್ಮ ಸಂಬಳವೂ ಮೊದಲಿನಂತಾಗುತ್ತದೆ. ಆದರೆ ಅದಕ್ಕೆ ಮನೆಮಾಲೀಕರು ಕೈಯೆತ್ತಿ ಒಪ್ಪಬೇಕು. ಅವರ ಮನಸ್ಸು ಕರಗಿಸಲೆಂದು ಠಾಣೆಯ ಅಂಗಳದಲ್ಲಿ ಈ ಪ್ರದರ್ಶನ.

ನೆಲಕ್ಕೆ ಇಳಿಯುವಷ್ಟರಲ್ಲಿ ಗೋಣಿಯ ಹೊಲಿಗೆ ಬಿಚ್ಚಿ, ಕೋಟಿನ ಅಡಿಯಿಂದ ಹುಲ್ಲು ಉದುರಿತು.

"ಅಯ್ಯಯ್ಯೋ, ಪಾಪ! ಕರುಳೇ ಹೊರಗೆ ಬಂತಲ್ರೀ!" ಎಂದರು ಮನೆಮಾಲೀಕರ ನಡುವೆ ಕೂತಿದ್ದ ಗಿರಣಿ ಯಜಮಾನರು. ಕುರ್ಚಿಗಳೆಲ್ಲ ನಕ್ಕವು. ಲೆಕ್ಕಾಧಿಕಾರಿಯೂ ನಕ್ಕರು. ನನ್ನ ಮುಖವೂ, ದೇವರೇ, ನಗುವಿನ ಹಾಗೆ ಏನನ್ನೋ ಮಾಡಿತು.

ಮುಂದಿನ ಸಾಲಿನ ಹೆಂಗಸೊಬ್ಬರು ಫೋನು ಮೇಲೆತ್ತಿ, "ನಂದು ವಿಡಿಯೋ ಸರಿ ಬರ್ಲಿಲ್ಲ. ಇನ್ನೊಂದ್ಸಲ ಮಾಡ್ಸಿ. ಬೆಂಕಿ ಸ್ವಲ್ಪ ಜೋರಾಗಿರ್ಲಿ" ಎಂದರು.

"ಹೂಂ, ಇನ್ನೊಂದ್ಸಲ" ಎಂದು ಲೆಕ್ಕಾಧಿಕಾರಿ ನನಗೆ ಸನ್ನೆ ಮಾಡಿದರು.

ಪಂಪು ನಡೆಸುವವನು ಹತ್ತಿರ ಬಂದ. ದನಿ ದೊಡ್ಡದೆಂದು ಠಾಣೆಯಲ್ಲಿ ಅವನನ್ನು ಗುಡುಗು ಎಂದೇ ಕರೆಯುತ್ತಿದ್ದೆವು. "ಏನ್ ದೊಡ್ಡಣ್ಣ ಇದು? ಕೋತಿ ಆಡ್ಸೋನೂ ಕೋತಿಗೆ ಒಂದು ಹಣ್ಣು ಕೊಡ್ತಾನೆ. ಈ ಬೋಳಿಮಕ್ಳ ಮುಂದೆ ಎಷ್ಟು ಸಲ ಕುಣೀತೀಯ?"

"ಸುಮ್ನಿರೋ, ಕೇಳಿಸ್ಕೊಂಡಾರು. ಅವಳ ಕೆಲಸ ಒಂದು ಉಳೀಲಿ."

"ಉಳಿಯುತ್ತೆ, ಉಳಿಯುತ್ತೆ. ಅವರ ಮೂತಿ ನೋಡು, ಕೈ ಎತ್ತೋ ಮೂತಿನಾ ಅವು? ನೆಂಟರ ಮನೇಲಿ ಊಟ ಸರಿಯಿಲ್ಲ ಅಂತ ಕೂತೋರ ಥರ ಕೂತವ್ರೆ."

ನಾನು ಏಣಿ ಒರಗಿಸಿದ್ದ ಅಭ್ಯಾಸದ ಗೋಪುರದ ಕೆಳಗಿನ ಕೋಣೆಗೆ ಹೋಗಿ, ಕಬ್ಬಿಣದ ಡ್ರಮ್ಮುಗಳಿಗೆ ಕಟ್ಟಿಗೆ ತುಂಬಿ, ಎಣ್ಣೆ ಸುರಿದು, ಕಡ್ಡಿ ಗೀರಿದೆ. ಬೆಂಕಿ ಆರಿಸಲು ಹೊರಡುವ ಮುನ್ನ ದೇವರ ಹೆಸರು ಹೇಳುವುದು ನನ್ನ ರೂಢಿ. ಹಚ್ಚುವಾಗ ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಸುಮ್ಮನೆ ಹಚ್ಚಿದೆ. ಮತ್ತೆ ಏಣಿ ಹತ್ತಿದೆ. ಮತ್ತೆ ಬೊಂಬೆಯನ್ನು ಹೆಗಲಿಗೇರಿಸಿದೆ. ಕೋಟಿನ ತೋಳು ನನ್ನ ಕೆನ್ನೆಗೆ ಬಡಿಯುತ್ತಿತ್ತು.

ಕೊನೆಯ ಮೆಟ್ಟಿಲಿಗೆ ಬಂದಾಗ ತಮ್ಮನ ಹೆಂಡತಿ ಏಣಿಯ ಬುಡದಲ್ಲಿ ನಿಂತಿದ್ದಳು.

"ಭಾವ, ಇಳಿಸಿ ಅದನ್ನ."

"ಒಳಗೆ ಹೋಗು ತಾಯಿ. ಫೋನ್ ಬಂದ್ರೆ ಯಾರು..."

"ಇಳಿಸಿ ಅಂದೆ."

ಇಳಿಸಿದೆ. ಅವಳು ನೆಲದ ಮೇಲೆ ಕೂತು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ನಿದ್ದೆಯಲ್ಲಿರುವವರ ಬಟ್ಟೆ ಬಿಚ್ಚುವಂತೆ, ಅಷ್ಟು ಮೆಲ್ಲಗೆ. ಹುಲ್ಲು ಕೊಡವಿ ಕೋಟನ್ನು ಎದೆಗೆ ಒತ್ತಿಕೊಂಡಳು.

ಲೆಕ್ಕಾಧಿಕಾರಿ ಓಡಿಬಂದರು. "ಏನಮ್ಮಾ, ತಲೆಗಿಲೆ ಕೆಟ್ಟಿದೆಯಾ? ನಿನ್ನ ಕೆಲಸ ಉಳೀಲಿ ಅಂತಾನೇ ಅಲ್ವಾ ಇಷ್ಟೆಲ್ಲಾ ಮಾಡ್ತಿರೋದು?"

"ನನ್ನ ಗಂಡ ಸತ್ತಿದ್ದು ಒಂದೇ ಸಲ ಸಾರ್. ವಿಡಿಯೋ ಸರಿ ಬರ್ಲಿಲ್ಲ ಅಂತ ಇನ್ನೊಂದ್ಸಲ ಸಾಯಕ್ಕಾಗಲ್ಲ. ಆ ಕೆಲಸ ನೀವೇ ಇಟ್ಕೊಳ್ಳಿ."

ಅವಳು ಗೇಟಿನ ಕಡೆ ನಡೆದಳು. ಗುಡುಗು ತಲೆಯ ಶಿರಸ್ತ್ರಾಣ ತೆಗೆದು ನೆಲಕ್ಕೆ ಕುಕ್ಕಿದ. "ನಡೀರೋ, ಆಟ ಮುಗೀತು!" ಎಂದ. ನಮ್ಮವರು ಒಬ್ಬೊಬ್ಬರಾಗಿ ಅವಳ ಹಿಂದೆ ಹೊರಟರು. ಪಂಪು ಮಾತ್ರ ಹಾಗೇ ಓಡುತ್ತಿತ್ತು.

"ಏಯ್! ಬೆಂಕಿ ಉರೀತಿದೆ! ಅದನ್ನ ಯಾರ್ರೋ ಆರಿಸೋದು?" ಎಂದು ಲೆಕ್ಕಾಧಿಕಾರಿ ಕೂಗಿದರು.

"ನಿಮ್ಮಪ್ಪನ್ನ ಕರೀರಿ ಸಾಹೇಬ್ರೆ!" ಗುಡುಗು ತಿರುಗಿಯೂ ನೋಡಲಿಲ್ಲ.

ನಾನೂ ಹೊರಟಿದ್ದೆ. ಆ ಬೆಂಕಿಯಿಂದ ಯಾರಿಗೂ ಅಪಾಯವಿರಲಿಲ್ಲ. ಸುತ್ತ ಇಟ್ಟಿಗೆ ಗೋಡೆ, ಕಬ್ಬಿಣದ ಡ್ರಮ್ಮು. ಕಟ್ಟಿಗೆ ತೀರಿದ ಮೇಲೆ ತಾನಾಗಿ ಆರುವಂಥದು. ಅದು ನನಗೆ ತಿಳಿದಿತ್ತು. ಆದರೆ ನಮ್ಮ ಠಾಣೆಯಲ್ಲಿ ಅಭ್ಯಾಸದ ಬೆಂಕಿಯನ್ನು ಹಚ್ಚಿದವನೇ ಆರಿಸುವ ಕಟ್ಟಳೆ. ಉರಿಯುವುದಕ್ಕೆ ಬೆನ್ನು ಹಾಕಿ ನಾನು ಯಾವತ್ತೂ ನಡೆದವನಲ್ಲ. ಹಿಂದೆ ಕಟ್ಟಿಗೆ ಚಟಾರೆಂದು ಸಿಡಿಯಿತು. ಕಾಲು ನಿಂತಿತು. ನಾನು ಯೋಚಿಸುವ ಮೊದಲೇ ಕೊಳವೆ ಕೈಯಲ್ಲಿತ್ತು, ಒಂದು ಮೊಣಕಾಲು ನೆಲದ ಮೇಲಿತ್ತು, ನೀರು ಬೆಂಕಿಯ ಬುಡಕ್ಕೆ ಬೀಳುತ್ತಿತ್ತು.

ಬಿಳಿ ಆವಿ ಎದ್ದಿತು. ಕುರ್ಚಿಗಳಿಂದ ಚಪ್ಪಾಳೆ ಕೇಳಿಸಿತು.

"ಇದು ಚೆನ್ನಾಗಿ ಬಂತು ನೋಡಿ!" ಎಂದರು ಆ ಹೆಂಗಸು.

ಗಿರಣಿ ಯಜಮಾನರು ಎದ್ದುನಿಂತರು. "ನೋಡಿದ್ರೇನ್ರಪ್ಪಾ? ನಾನು ಮೊದ್ಲಿಂದ ಬಾಯಿ ಬಡ್ಕೊಳ್ತಿದ್ದೆ. ದುಡ್ಡು ಕೊಟ್ರೂ ಆರಿಸ್ತಾರೆ, ಕೊಡದಿದ್ರೂ ಆರಿಸ್ತಾರೆ. ಮತ್ತೆ ಈ ತೆರಿಗೆ ಯಾವ ಸೌಭಾಗ್ಯಕ್ಕೆ? ಹೂಂ, ಬೇಡ ಅನ್ನೋರು ಕೈ ಎತ್ತಿ."

ಎಷ್ಟು ಕೈ ಎದ್ದವೋ ನಾನು ನೋಡಲಿಲ್ಲ. ಬಳೆಗಳ ಸದ್ದು, ಅಂಗಿ ತೋಳುಗಳ ಸರಬರ ಕೇಳಿಸಿತು.

ಗೇಟಿನ ಕಡೆಯಿಂದ ಗುಡುಗು ನನ್ನನ್ನು ಕರೆದ. "ದೊಡ್ಡಣ್ಣಾ..." ಅವನು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದವನಲ್ಲ. ಅವಳೂ ಅಲ್ಲೇ ನಿಂತಿದ್ದಾಳೆಂದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

ಬೆಂಕಿ ಪೂರ್ತಿ ಆರಿತು. ಡ್ರಮ್ಮು ತುಂಬಿ ಇದ್ದಿಲು ತೇಲಿತು.

"ಸಾಕಪ್ಪಾ ಸಾಕು, ಭೇಷ್" ಎಂದರು ಲೆಕ್ಕಾಧಿಕಾರಿ. "ನೀರು ನಿಲ್ಲಿಸು ಇನ್ನು."

ನೀರು ನಿಲ್ಲಿಸಿದರೆ ಏಳಬೇಕು. ಎದ್ದರೆ ತಿರುಗಬೇಕು. ಒಂದು ಕಡೆ ಚಪ್ಪಾಳೆ ತಟ್ಟಿದವರು, ಇನ್ನೊಂದು ಕಡೆ ಅವಳು.

ನಾನು ನಿಲ್ಲಿಸಲಿಲ್ಲ. ಕಪ್ಪು ನೀರು ಹೊಸ್ತಿಲು ದಾಟಿತು, ಅಂಗಳಕ್ಕೆ ಇಳಿಯಿತು, ಕುರ್ಚಿಗಳ ಕೆಳಗೆ ಹರಿಯಿತು. ಯಾರೋ ಕಾಲೆತ್ತಿದರು, ಯಾರದೋ ಕುರ್ಚಿ ಬಿತ್ತು.

"ಲೋ ಮುದುಕಾ! ನಿಲ್ಲಿಸೋ! ನೀರು ನಿಮ್ಮಪ್ಪಂದೇನೋ? ಕಿವಿ ಕೇಳ್ಸಲ್ವೇನೋ?"

ಕೇಳಿಸುತ್ತಿತ್ತು. ಆರಿದ ಬೂದಿಯ ಮೇಲೆ ಕೊಳವೆ ಹಿಡಿದುಕೊಂಡು, ತಲೆ ತಗ್ಗಿಸಿ, ಹಾಗೇ ಕೂತಿದ್ದೆ.