ಗೋಡೆ ಹಿಡಿದ ಗುರುತು

ಗೋಡೆಯ ಮೇಲೆ ಒಂದು ಗೆರೆ, ಕಂದು ಬಣ್ಣದ್ದು, ಸೊಂಟದೆತ್ತರಕ್ಕೆ — ಇದು ಯಾವಾಗ ಬಂತು, ಬ್ಯಾಟರಾಯಪ್ಪ ಕಾಫಿ ಲೋಟವನ್ನು ತುಟಿಯ ಹತ್ತಿರವೇ ತಡೆದುಕೊಂಡು ನೋಡಿದ, ಗವಾಕ್ಷಿಯ ಬಿಸಿಲು ಓರೆಯಾಗಿ ಬಿದ್ದದ್ದರಿಂದ ಕಂಡಿತು, ಇಲ್ಲದಿದ್ದರೆ ಕಾಣುತ್ತಿರಲಿಲ್ಲ, ತೇವ ಇರಬೇಕು, ಗೆದ್ದಲು ಇರಬೇಕು, ಅಲ್ಲ, ಗೆದ್ದಲು ಮೇಲಕ್ಕೆ ಹತ್ತುತ್ತದೆ, ಇದು ಅಡ್ಡಕ್ಕೆ ಹೋಗಿದೆ, ಕೋಣೆಯ ಬಾಗಿಲಿನಿಂದ ಹೊರಟು ನಡುಮನೆಯ ಉದ್ದಕ್ಕೂ ಬಂದು, ಒಲೆಯ ಮೂಲೆಯಲ್ಲಿ ತಿರುಗಿ, ಬಚ್ಚಲಿನವರೆಗೆ. ಸುಣ್ಣ ಬಳಿದದ್ದು ಯುಗಾದಿಗೆ, ಅವನೇ ನಿಂತು ಎರಡು ಕೈ ಬಳಿದದ್ದು, ಈಗ ಶ್ರಾವಣ, ಅಂದರೆ ನಾಲ್ಕೇ ತಿಂಗಳು. ಎದ್ದು ಹೋಗಿ ಅಂಗೈಯನ್ನು ಅದರ ಮೇಲಿಟ್ಟ. ಜಿಡ್ಡು. ಅರಿಶಿನ, ಮಸಿ, ಕೊಬ್ಬರಿ ಎಣ್ಣೆ, ಎಲ್ಲ ಸೇರಿ ಮೆತ್ತಿದ ಜಿಡ್ಡು, ಅಲ್ಲಲ್ಲಿ ಐದು ಬೆರಳು ಬೇರೆಬೇರೆಯಾಗಿ ಮೂಡಿವೆ, ಬಚ್ಚಲ ಹೊಸ್ತಿಲ ಬಳಿ ಎರಡು ಕೈಯ ಗುರುತು, ಅಲ್ಲಿ ಸುಣ್ಣವೇ ಎದ್ದುಹೋಗಿ ಮಣ್ಣು ಕಾಣುತ್ತಿದೆ. ಅವನ ಎತ್ತರಕ್ಕೆ ಇದು ತಗ್ಗು. ಮಗ ಜಾಲಹಳ್ಳಿ ಫ್ಯಾಕ್ಟರಿಗೆ ಹೋಗುವವನು, ಅವನು ಇನ್ನೂ ಎತ್ತರ. ಸೊಸೆ ಗಂಗರತ್ನ ಹೆರಿಗೆಗೆಂದು ದೊಡ್ಡಬೆಲೆಯ ತವರಿಗೆ ಹೋಗಿ ತಿಂಗಳಾಯಿತು. ಉಳಿದವಳು ಒಬ್ಬಳೇ — ಅಂಜಿನಮ್ಮ, ಅವನ ಹೆಂಡತಿ — ಈ ಮನೆಯೊಳಗೆ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಾಳೆ, ನಾಲ್ಕು ತಿಂಗಳಿಂದ, ಅವನ ಕಣ್ಣೆದುರಿಗೆ.

ಕಣ್ಣೆದುರಿಗೆ ಅನ್ನುವ ಮಾತೇ ಅವನ ಎದೆಯಲ್ಲಿ ಸಿಕ್ಕಿಕೊಂಡಿತು, ಯಾಕೆಂದರೆ ಕಣ್ಣಿಟ್ಟು ನೋಡುವುದೇ ಅವನ ಅನ್ನವಾಗಿತ್ತು, ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ, ಸುತ್ತಿಗೆ ಹೆಗಲಿಗಿಟ್ಟುಕೊಂಡು ಯಶವಂತಪುರದ ಕಡೆಗೆ ನಡೆದು ಮತ್ತೆ ಚಿಕ್ಕಬಾಣಾವರಕ್ಕೆ ವಾಪಸು, ಕಂಬಿಯನ್ನು ದಿಮ್ಮಿಗೆ ಬಿಗಿಹಿಡಿಯುವ ಕೀಲುಗಳನ್ನು ಒಂದೊಂದಾಗಿ ತಟ್ಟುತ್ತ, ಬಿಗಿಯಿದ್ದರೆ ಠಣ್, ಸಡಿಲಿದ್ದರೆ ದಬ್, ಕಾಲು ಅಂಗುಲ ಅತ್ತಿತ್ತಾದರೂ ಅವನ ಕಣ್ಣಿಗೆ ಬೀಳುತ್ತಿತ್ತು, ಅವನ ಪಾಲಿನ ದಾರಿಯಲ್ಲಿ ಒಂದು ಚಕ್ರವೂ ಕಂಬಿ ಬಿಟ್ಟು ಇಳಿದದ್ದಿಲ್ಲ — ಇಲ್ಲಿ, ಹತ್ತು ಹೆಜ್ಜೆಯ ನಡುಮನೆಯಲ್ಲಿ — ಹಿತ್ತಲ ಬಾಗಿಲು ಕಿರ್ ಅಂದಿತು, ಬಂದಳು, ಮೊರದಲ್ಲಿ ಅಲಸಂದೆಕಾಯಿ, ಬಲಗೈ ಬಾಗಿಲ ಚೌಕಟ್ಟಿಗೆ ಹೋಯಿತು, ಬಳೆಗಳು ಮರಕ್ಕೆ ತಗಲಿದವು, ಆಮೇಲೆ ಗೋಡೆ, ಗೋಡೆ ಮುಗಿದ ಕಡೆ ನಿಂತಳು, ಏನನ್ನೋ ಮರೆತವಳ ಹಾಗೆ, ನಿಂತು ಮೂರು ಹೆಜ್ಜೆಯನ್ನು ಬೇಗಬೇಗ ಇಟ್ಟು ಆಚೆಯ ಕಂಬವನ್ನು ಹಿಡಿದಳು. ದಿನಾ ಹೀಗೆ ನಿಲ್ಲುತ್ತಾಳೆ. ಏನ್ ಮರ್ತೆ ಅಂತ ಅವನು ದಿನಾ ಕೇಳಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಎಷ್ಟು ದಿನದಿಂದ ಇಂಗೆ ಗೋಡೆ ಹಿಡ್ಕಂಡ್ ಓಡಾಡ್ತಿದ್ದೀಯ ಅಂದ, ದನಿ ತನ್ನದಲ್ಲ ಅನ್ನಿಸಿತು. ಯಾವ ಗೋಡೆ, ಯಾರ್ ಇಡ್ಕಂಡ್ರು, ಕಾಫಿ ಆರೋಯ್ತು ಕುಡೀರಿ, ಅಂದಳು ಅಂಜಿನಮ್ಮ, ಮುಖ ತಿರುಗಿಸದೆ.

ಹಿತ್ತಲ ಬೇಲಿಯ ಆಚೆ ಅಕ್ಬರಿ ಬಟ್ಟೆ ಹರವುತ್ತಿದ್ದಳು, ಇಪ್ಪತ್ತು ವರ್ಷದಿಂದ ಪಕ್ಕದ ಮನೆಯವಳು, ಸುಳ್ಳು ಹೇಳಲು ಬಾರದ ಹೆಂಗಸು, ಅಂಜಿನಮ್ಮ ಯಾಕೆ ಹೀಗೆ ಎಂದು ಅವನು ಕೇಳಿದ್ದೇ ತಡ ಕೈಯಲ್ಲಿದ್ದ ಒದ್ದೆ ಲುಂಗಿಯನ್ನು ಬಕೆಟ್ಟಿಗೇ ಬಿಟ್ಟಳು, ಅಣ್ಣಾ, ಅಕ್ಕ ನಿಮ್ಮತ್ರ ಒಂದ್ ಮಾತೂ ಅಂದಿಲ್ವಾ, ಮೂರ್ ಸಲ ಬಿದ್ರಲ್ಲ. ಮೂರು ಸಲ. ಒಂದು ಬಚ್ಚಲಲ್ಲಿ, ಒಂದು ಬಾವಿಯ ಹತ್ತಿರ, ಮೂರನೆಯದು ಇಲ್ಲೇ ಹಿತ್ತಲಲ್ಲಿ, ಜಾರಲಿಲ್ಲ ಎಡವಲಿಲ್ಲ, ಸುಮ್ನೆ ನಿಂತಿದ್ದೋರು ಅಣ್ಣಾ, ತಲೆ ಎತ್ತಿ ನುಗ್ಗೆಕಾಯಿ ನೋಡಿದ್ರು ಅಷ್ಟೇ, ಮರ ಉರುಳಿದಂಗೆ ಉರುಳಿದ್ರು, ನಾನೇ ಬೇಲಿ ದಾಟಿ ಬಂದು ಎತ್ತಿದ್ದು, ನನ್ನ ಮಕ್ಕಳ ಮೇಲೆ ಆಣೆ ಹಾಕಿಸ್ಕೊಂಡ್ರು ನಿಮಗೆ ಹೇಳ್ಬಾರದು ಅಂತ, ಇವತ್ತು ಆಣೆ ಮುರಿದೆ. ಸೊಂಟದ ಮೇಲೆ ಬದನೆಕಾಯಿ ಬಣ್ಣ ಕಟ್ಟಿತ್ತು, ನಾನೇ ಅರಿಶಿನ ಹಚ್ಚಿದೆ ಅಂದಳು. ಬ್ಯಾಟರಾಯಪ್ಪ ಬೇಲಿಯ ಗೂಟವನ್ನು ಹಿಡಿದುಕೊಂಡ. ಅವಳು ಬಿದ್ದಾಗ ತಾನೆಲ್ಲಿದ್ದೆ, ಸ್ಟೇಷನ್ನಿನ ಅರಳಿಕಟ್ಟೆಯ ಮೇಲೆ, ಹೋಗಿ ಬರುವ ಗಾಡಿಗಳ ಸದ್ದು ಕೇಳುತ್ತ, ಇದು ಹೊಸಬನ ಕೆಲಸ, ಕೀಲು ಸಡಿಲ ಬಿಟ್ಟಿದ್ದಾನೆ ಎಂದು ಹರಟುತ್ತ.

ಒಳಗೆ ಬಂದವನೇ ಚಾಪೆ ತಂದು ನಡುಮನೆಯ ಮೂಲೆಯಲ್ಲಿ ಹಾಸಿದ, ನೀನಿನ್ನು ಏಳೋದೇ ಬೇಡ, ನೀರು ನಾನು ಸೇದ್ತೀನಿ, ಒಲೆ ನಾನು ನೋಡ್ಕಂತೀನಿ, ಕೂತಲ್ಲಿಗೇ ಎಲ್ಲ ಬರ್ತದೆ, ನೀನು ಸುಮ್ಮನೆ ಕೂತ್ಕೋ. ಅಂಜಿನಮ್ಮ ಚಾಪೆಯನ್ನು ನೋಡಿದಳು, ಅದು ಹಾಸಿದ ಮೂಲೆಯನ್ನು ನೋಡಿದಳು, ಆಮೇಲೆ ಅವನನ್ನು, ಅತ್ತೆಗೂ ನೀವು ಇದೇ ಮಾತೇ ಅಲ್ವಾ ಅಂದಿದ್ದು. ಅಷ್ಟೇ ಅಂದಳು. ಅವನ ಕಿವಿಯಲ್ಲಿ ಗುಂಯ್ ಎಂದಿತು, ಅದೇ ಮೂಲೆ, ಹೌದು, ಇಂಥದೇ ಚಾಪೆ, ಅವ್ವ, ಲಕ್ಷ್ಮಿದೇವಮ್ಮ, ಎಪ್ಪತ್ತರ ಮುದುಕಿ, ಹೊಲಕ್ಕೆ ಬುತ್ತಿ ಹೊತ್ತು ಒಂದು ಹರದಾರಿ ನಡೆಯುತ್ತಿದ್ದವಳು, ಒಂದು ಸಂಜೆ ಜಗಲಿ ಇಳಿಯುವಾಗ ಬಿದ್ದಳು, ಮೊಣಕೈ ತರಚಿತ್ತು ಅಷ್ಟೇ, ಎಲುಬಿಗೆ ಏನೂ ಆಗಿರಲಿಲ್ಲ, ಅವನು ಹೆದರಿ ಅವಳನ್ನು ಮಗುವಿನ ಹಾಗೆ ಎತ್ತಿ ತಂದು ಈ ಮೂಲೆಯಲ್ಲಿ ಕೂರಿಸಿದ, ಏಳ್ಬೇಡವ್ವ, ಕೂತಲ್ಲಿಗೇ ಎಲ್ಲ ಬರ್ತದೆ. ಮುದ್ದೆ ಬಂತು, ನೀರು ಬಂತು, ಬೋಗುಣಿಯೂ ಬಂತು, ಊರಿನವರು ಬಂದು ನೋಡಿ, ಮಗ ಅಂದ್ರೆ ಇಂಥೋನು ಅಂದರು, ಅವನಿಗೆ ಹೆಮ್ಮೆಯಾಗಿತ್ತು, ಮೂರನೆಯ ತಿಂಗಳು ಊರ ಕೆಂಡದ ಪೂಜೆ ನೋಡಕ್ಕೆ ಜಗಲಿಗೆ ಕರ್ಕಂಡ್ ಹೋಗೋ ಅಂದಳು ಅವ್ವ, ಎಬ್ಬಿಸಿದರೆ ಕಾಲು ಕೋಲಿನ ಹಾಗೆ ತೆಳ್ಳಗಾಗಿ ಭಾರ ಹೊರಲಾರದೆ ಮಡಿಸಿಕೊಂಡವು, ಎಂಟನೆಯ ತಿಂಗಳು ಅವಳಿಲ್ಲ. ವಯಸ್ಸಾಗಿತ್ತು ಅಂದರು ಎಲ್ಲರೂ. ಅವನೂ ಅಂದುಕೊಂಡ. ಅಂಜಿನಮ್ಮ ಅಲಸಂದೆಕಾಯಿ ಬಿಡಿಸುತ್ತಲೇ ಇದ್ದಳು, ದನಿ ಏರಿಸಲಿಲ್ಲ, ನೀವು ಸುತ್ತಿಗೆ ತಗಂಡ್ ಹೊರಟ ಮೇಲೆ ಅತ್ತೆ ನನ್ನ ಕೈ ಇಡ್ಕಳೋರು, ಒಂದ್ಸಲ ನಿಲ್ಸೇ, ಒಂದೇ ಒಂದ್ಸಲ ನಿಲ್ಸೇ ಅನ್ನೋರು, ನೀವು ಬೈತೀರ ಅಂತ ನಾನು ನಿಲ್ಲಿಸ್ಲಿಲ್ಲ, ಅದು ನನ್ನ ತಲೆ ಮೇಲೈತೆ. ಹದಿನಾಲ್ಕು ವರ್ಷ ಈ ಮಾತನ್ನು ಎಲ್ಲಿಟ್ಟಿದ್ದಳು ಇವಳು. ಬಿದ್ದೋಳು ಅಂತ ಗೊತ್ತಾದ್ರೆ ನನ್ನನ್ನೂ ಕೂರಿಸ್ತೀರ, ಮೊಮ್ಮಗು ಬಂದ್ರೆ ಯಾರು ನನ್ನ ಕೈಗೆ ಕೊಡ್ತಾರೆ, ಬೀಳೋ ಕೈಗೆ ಯಾವ ತಾಯಿ ಮಗು ಕೊಡ್ತಾಳೆ ಹೇಳಿ ನೀವೇ. ಅವನು ಬಗ್ಗಿ ಚಾಪೆಯನ್ನು ಸುತ್ತಿದ, ಸುತ್ತುವಾಗ ಅದರ ಒಣ ಹುಲ್ಲಿನ ವಾಸನೆ, ಅವ್ವನ ವಾಸನೆ, ತಾನೇ ಕೈಯಾರೆ, ಪ್ರೀತಿಯಿಂದ, ಒಂದೊಂದು ತುತ್ತೂ ತಿನ್ನಿಸಿ — ಮುಂದಕ್ಕೆ ಯೋಚಿಸಲಾಗಲಿಲ್ಲ.

ಬಾ, ಡಾಕ್ಟ್ರ ಹತ್ರ ಹೋಗನ, ಅಂದ. ಹತ್ತೂವರೆಯ ಪ್ಯಾಸೆಂಜರ್ ಹಿಡಿದು ಯಶವಂತಪುರ, ಇಳಿಯುವಾಗ ಅವನು ಮೊದಲು ಇಳಿದು ತಿರುಗಿ ನೋಡಿದ, ಗಾಡಿಯ ಮೆಟ್ಟಿಲಿಗೂ ನೆಲಕ್ಕೂ ಒಂದು ಮೊಳ, ಅಂಜಿನಮ್ಮ ಎರಡು ಕೈಯಲ್ಲೂ ಕಬ್ಬಿಣದ ಹಿಡಿಯನ್ನು ಹಿಡಿದು ಒಂದು ಕಾಲನ್ನು ಕೆಳಗೆ ಬಿಟ್ಟಳು, ಆ ಕಾಲು ನೆಲ ಸಿಗದೆ ಗಾಳಿಯಲ್ಲಿ ಅತ್ತ ಇತ್ತ ತಡಕಾಡಿತು, ಬಿರಿದ ಹಿಮ್ಮಡಿ, ಬಿರುಕುಗಳಲ್ಲಿ ಮಣ್ಣು, ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ಅಂಗಾಲನ್ನು ಅವನು ಮೊದಲ ಸಲ ನೋಡುತ್ತಿದ್ದ. ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣು ಡಾಕ್ಟರು, ವಯಸ್ಸು ಮಗಳಷ್ಟು, ಎಲುಬು ಒತ್ತಿ ನೋಡಿದರು, ಕಣ್ಣಿಗೆ ದೀಪ ಹಿಡಿದರು, ಮಲಗಿಸಿ ಒಮ್ಮೆ ನಿಲ್ಲಿಸಿ ಒಮ್ಮೆ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದರು, ಆಮೇಲೆ ಒಂದು ಸ್ಟೂಲಿನ ಮೇಲೆ ಕೂರಿಸಿ ಕೈ ಊರದೆ ಏಳಿ ಅಮ್ಮ ಅಂದರು. ಏಳಲಾಗಲಿಲ್ಲ. ಒಂದು ಕಾಲೆತ್ತಿ ನಿಲ್ಲಿ ಅಂದರು. ಅಂಜಿನಮ್ಮನ ಕಾಲು ಎರಡು ಬೆರಳು ಮೇಲೆ ಹೋಯಿತು, ಹೋದಷ್ಟೇ ಬೇಗ ಕೆಳಗೆ ಬಿತ್ತು, ಅವಳ ಮುಖ ಕೆಂಪಾಯಿತು, ಅದನ್ನು ನೋಡಲಾರದೆ ಅವನು ಮುಂದೆ ಬಂದ, ಅದೇನ್ ಮಹಾ, ಇಂಗೆ ನಿಲ್ಲೋದು ನೋಡು, ನಾನು ಹರೆಯದಲ್ಲಿ ಸಿಗ್ನಲ್ ಕೈಮರದಿಂದ ಸ್ಟೇಷನ್‌ವರೆಗೂ ಒಂಟಿ ಕಂಬಿ ಮೇಲೆ ನಡೆದೋನು, ಅಂತ ಎಡಗಾಲೆತ್ತಿದ — ನೆಲ ಎಲ್ಲಿ ಹೋಯಿತು. ಬಿಳಿ ಗೋಡೆ ಓರೆಯಾಯಿತು, ಔಷಧಿ ಬೀರು ಓರೆಯಾಯಿತು, ಇದು ತನ್ನ ಕಾಲಲ್ಲ, ಯಾರದೋ ಕಾಲು, ಅದು ತನ್ನ ಮಾತು ಕೇಳುತ್ತಿಲ್ಲ ಅನ್ನುವಷ್ಟರಲ್ಲಿ ರಟ್ಟೆಗೆ ಒಂದು ಬಿಗಿ ಹಿಡಿತ, ಅಂಜಿನಮ್ಮ, ಒಂದು ಕೈಯಲ್ಲಿ ಮೇಜು, ಇನ್ನೊಂದರಲ್ಲಿ ಅವನು. ಡಾಕ್ಟರು ನಗಲಿಲ್ಲ. ಅಮ್ಮನ ಎಲುಬು ಸರಿಯಾಗಿದೆ, ಕಾಲಲ್ಲಿ ಬಲ ಇಲ್ಲ, ಕಾಲಿಗೆ ಕಸರತ್ತು ಬೇಕು, ನೀವೂ ಮಾಡಬೇಕು ಯಜಮಾನ್ರೇ, ಇಬ್ಬರೂ ಮಾಡಿ, ದಿನಾ ಕಂಬ ಹಿಡ್ಕೊಂಡು ಒಂದೊಂದು ಕಾಲಲ್ಲಿ ನಿಲ್ಲಿ, ಕೂತು ಏಳಿ, ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲಿ, ಹಾಸಿಗೆಯಿಂದ ಏಳುವಾಗ ಒಂದು ಗಳಿಗೆ ಕೂತು ಆಮೇಲೆ ಏಳಿ, ಬಚ್ಚಲಲ್ಲಿ ಜಾರದ ಹಾಗೆ ನೋಡ್ಕೊಳ್ಳಿ, ಕತ್ತಲಿದ್ದ ಕಡೆ ದೀಪ ಇಡಿ, ಒಂದು ಮಾತು ಮಾತ್ರ ಮರೀಬೇಡಿ, ಬಿದ್ದೋರನ್ನ ಕೂರಿಸಬೇಡಿ, ಕೂತ ಕಾಲು ಮತ್ತೆ ಏಳೋದು ಕಷ್ಟ. ಗೊತ್ತು ಅಂದ ಬ್ಯಾಟರಾಯಪ್ಪ, ಗೊತ್ತಮ್ಮ.

ಮಾರನೆಯ ದಿನವೇ ಉಳಿ ತಗೊಂಡು ಬಚ್ಚಲ ಚಪ್ಪಡಿಯ ಮೇಲೆ ಕೂತ, ಕೀಲು ತಟ್ಟಿದ ಕೈಗೆ ಕಲ್ಲು ಕಚ್ಚು ಹಾಕುವುದು ಏನು ಮಹಾ, ನಯವಾದ ಕಲ್ಲನ್ನೆಲ್ಲ ಒರಳಿನ ಹಾಗೆ ಒರಟು ಮಾಡಿದ, ಗೋಡೆಗೆ ಹಿಡಿಗೆಂದು ಬಿದಿರ ಗಳ ಕಟ್ಟಿದ, ಬಾವಿಯ ಹತ್ತಿರದ ಪಾಚಿ ಕೆರೆದ, ನಡುಮನೆಯಲ್ಲಿ ಮುದುರಿ ಬಿದ್ದಿದ್ದ ಗೋಣಿತಾಟು ಎತ್ತಿ ಎಸೆದ. ಅದೆಲ್ಲ ಸುಲಭ. ಕಷ್ಟವಾದದ್ದು ಇನ್ನೊಂದು, ಬೆಳಿಗ್ಗೆ ಬಿಸಿಲು ಏರುವ ಮೊದಲು ಪಡಸಾಲೆಯ ಕಂಬದ ಈಚೆ ಅವಳು ಆಚೆ ಅವನು, ಒಂದು ಕಾಲೆತ್ತಿ, ಒಂದು, ಎರಡು, ಮೂರು, ಕೊಕ್ಕರೆ ಜೋಡಿ ಅಂತ ಬೇಲಿಯಾಚೆ ಅಕ್ಬರಿ ನಗುವಳು, ಅಂಜಿನಮ್ಮ ವಾಲುವಳು, ಅವನ ಕೈ ತಾನಾಗಿ ಮುಂದೆ ಹೋಗುವುದು, ಮುಟ್ಬೇಡಿ ಅನ್ನುವಳು ಅವಳು, ನೀವು ಇಡ್ಕಂಡ್ರೆ ಕಾಲಿಗೆ ಬುದ್ಧಿ ಬರಲ್ಲ. ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಬೆನ್ನ ಹಿಂದೆ ಕಟ್ಟಿಕೊಳ್ಳುವುದು, ಅವಳು ವಾಲಿದಾಗಲೆಲ್ಲ ನೋಡುತ್ತ ನಿಲ್ಲುವುದು, ಅವ್ವಾ ನಿನಗೆ ಇಷ್ಟು ಮಾಡಲಿಲ್ಲವಲ್ಲ, ನಾಲ್ಕು ಎಣಿಸುವವರೆಗೆ, ಆರು, ದಸರೆಯ ಹೊತ್ತಿಗೆ ಹತ್ತು, ನಡುವೆ ಒಂದು ದಿನ ಮತ್ತೆ ಬಿದ್ದಳು, ಮಂಡಿ ಊರಿ ಬಿದ್ದಳು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ಅವನು ಚಾಪೆ ತರಲಿಲ್ಲ, ಅವಳು ಕಂಬ ಹಿಡಿದು ತಾನೇ ಎದ್ದಳು. ಗಂಡು ಮಗುವಂತೆ ಎಂದು ದೊಡ್ಡಬೆಲೆಯಿಂದ ಕಾಗದ ಬಂತು.

ಸಂಕ್ರಾಂತಿ ಕಳೆದು ಸೊಸೆ ಬರುವ ಗಾಡಿ ಚಿಕ್ಕಬಾಣಾವರಕ್ಕೆ ಬಂದಾಗ ಬ್ಯಾಟರಾಯಪ್ಪ ಅಂಜಿನಮ್ಮನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ, ಹೊಗೆ, ಬಿಸಿ ಎಣ್ಣೆಯ ವಾಸನೆ, ಮಗ ಒಳಗಿನಿಂದ ಗಂಟು ಇಳಿಸುತ್ತಿದ್ದಾನೆ, ಗಂಗರತ್ನ ಬಾಗಿಲಲ್ಲಿ ಬಗ್ಗಿ, ತಗಳ್ಳಿ ಅತ್ತೆ, ಅಂದಳು, ಅವಳಿಗೆ ಏನೂ ಗೊತ್ತಿಲ್ಲ, ಯಾರೂ ಹೇಳಿಲ್ಲ, ಹೇಳಬೇಕಾಗಿತ್ತೇ, ಅಂಜಿನಮ್ಮ ಎರಡೂ ತೋಳು ಚಾಚಿದಳು, ಮಗು ಬಂತು, ಬಿಳಿ ಬಟ್ಟೆಯ ಒಂದು ಸುರುಳಿ, ಈಗ ಎರಡು ಕೈಯೂ ತುಂಬಿದವು, ಹಿಡಿದುಕೊಳ್ಳಲು ಏನೂ ಇಲ್ಲ, ಕಂಬವಿಲ್ಲ, ಗೋಡೆಯಿಲ್ಲ, ತಿರುಗಿದಳು, ಕಾಲ ಬುಡದಲ್ಲಿ ಯಾರದೋ ಹಗ್ಗ ಕಟ್ಟಿದ ಟ್ರಂಕು ಅಡ್ಡ, ಸುತ್ತಿ ಬಾರೇ ಅನ್ನಬೇಕು, ದನಿ ಬರಲಿಲ್ಲ, ಓಡಿ ಹಿಡಿಯಬೇಕು, ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಂಡುತ್ತಿದ್ದವು, ಅವಳು ಸೀರೆಯ ನೆರಿಗೆಯನ್ನು ಮಂಡಿಯಿಂದಲೇ ಸರಿಸಿ ಕಾಲೆತ್ತಿದಳು. ದಾಟಿದಳಂತೆ, ಕಾಲು ಇಳಿದದ್ದು ಅವನಿಗೆ ಕಾಣಲೇ ಇಲ್ಲ. ಬೇವಿನ ಮರದ ಕೆಳಗೆ ಹೋಗಿ ನಿಂತು, ಯಾಕ್ರೀ ಅಲ್ಲೇ ನಿಂತ್ರಿ, ಬನ್ನಿ, ನಿಮ್ಮ ಮೂಗೇ ಐತೆ ಇವನಿಗೆ, ಎಂದು ಕರೆಯುತ್ತಿದ್ದಾಳೆ, ಸೊಸೆ ನಗುತ್ತಿದ್ದಾಳೆ, ಗಾಡಿ ಕೂಗಿತು, ಹೊರಟಿತು, ಎಲ್ಲ ಕೇಳಿಸುತ್ತಿದೆ, ಅವನ ಕಣ್ಣಿನಲ್ಲಿ ಮಾತ್ರ ಆ ಟ್ರಂಕು, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಬಿರಿದ ಹಿಮ್ಮಡಿ, ಇನ್ನೂ ಕೆಳಗಿಳಿದಿಲ್ಲ, ಎರಡು ಕೈಯಲ್ಲೂ ಮಗು, ಹಿಮ್ಮಡಿ, ಗಾಳಿಯಲ್ಲಿ.