ದೇವರಮನೆ ತೊಳೆದ ನೀರು

ಚಾಮರಾಜಪೇಟೆಯ ಶೈಲಜಮ್ಮನವರಿಗೆ ಈ ಲೋಕದಲ್ಲಿ ಹಗೆ ಅಂತ ಇದ್ದರೆ ಅದು ಸೊಳ್ಳೆಯ ಮೇಲೆ. ಮಗಳು ಶಿವಕುಮಾರಿಯ ಚೊಚ್ಚಲ ಬಸಿರು ಮದ್ದೂರಿನ ಗಂಡನ ಮನೆಯಲ್ಲಿ ಚಳಿಜ್ವರ ಬಂದು ಇಳಿದುಹೋಗಿತ್ತು. ಈಗ ಎರಡನೆಯದು. ಆರು ತುಂಬುತ್ತಲೇ ಮಗಳನ್ನು ಕರೆಸಿಕೊಂಡು, ಈ ಕೂಸನ್ನಾದರೂ ಉಳಿಸಿಕೊಳ್ಳಲೇಬೇಕೆಂದು ಹಟ ಹಿಡಿದಿದ್ದರು. ಹಾಗಾಗಿ ಮಲೇರಿಯಾ ಇಲಾಖೆಯವರು ಡಿ.ಡಿ.ಟಿ. ಹೊಡೆಯಲು ಬಂದಾಗ ಬೀದಿಯವರೆಲ್ಲ ಬಾಗಿಲು ಹಾಕಿಕೊಂಡರೆ, ಇವರು ಮಾತ್ರ ಬನ್ನಿ ಬನ್ನಿ ಎಂದು ಕರೆದು, ಅಟ್ಟದ ಮೂಲೆಯನ್ನೂ ಬಿಡದೆ ಹೊಡೆಸಿದರು.

ಗೋಡೆ ತೊಳೆಯಬೇಡಿ, ಸುಣ್ಣ ಬಳಿಯಬೇಡಿ, ಆರು ತಿಂಗಳು ಔಷಧಿ ಗೋಡೆ ಬಿಟ್ಟು ಹೋಗುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಮಾಯಣ್ಣ ಹೆಮ್ಮೆಯಿಂದ ಹೇಳಿಹೋದ. ಶೈಲಜಮ್ಮ ತಲೆಯಾಡಿಸಿದರು. ಆದರೆ ಆ ಮಾತು ದೇವರಮನೆಗೂ ಸೇರಿದ್ದು ಎಂದು ಅವರಿಗೆ ಹೊಳೆಯಲೇ ಇಲ್ಲ. ಲಿಂಗಪೂಜೆಗೆ ಕೂತರೆ ಎದುರಿಗೇ ಬಿಳಿ ಕಲೆಗಳು, ಮೂಗಿಗೆ ಘಾಟು. ಸೋಮವಾರ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಗೋಡೆಯನ್ನೆಲ್ಲ ಉಜ್ಜಿ ತೊಳೆದರು. ಪೂಜೆಯ ಜಾಗ ತೊಳೆದ ನೀರು ಯಾರ ಕಾಲಿಗೂ ಸಿಕ್ಕಬಾರದು, ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ಮೋರಿಗೆ ಬಿಡುವ ಮಾತೇ ಇಲ್ಲ. ಬಟ್ಟೆಯಲ್ಲಿ ಹಿಂಡಿ ಹಿಂಡಿ ಕೊಡಕ್ಕೆ ತುಂಬಿ ಹಿತ್ತಲಿನ ಬಾವಿಗೆ ಸುರಿದರು. ಮನೆಮಂದಿಗೆಲ್ಲ ತೀರ್ಥವಾಗಲಿ ಎಂಬ ಭಕ್ತಿ, ಪಾಪ.

ಗುರುವಾರ ಬಿಂದಿಗೆ ಸೇದಿದರೆ ನೀರಿನ ಜೊತೆ ನಾಲ್ಕಾರು ಮೀನು ಬಂದವು. ಸೊಳ್ಳೆಮರಿ ತಿನ್ನಲೆಂದು ಬಾವಿಗೆ ಬಿಟ್ಟಿದ್ದ ಕಿರುಬೆರಳಿನಷ್ಟು ಮೀನುಗಳು. ಸೆಳವು ಬಂದ ಮಕ್ಕಳ ಹಾಗೆ ಮೈಯೆಲ್ಲ ಅದುರಿಸುತ್ತಾ ಅಡ್ಡಡ್ಡ ತಿರುಗುತ್ತಿದ್ದವು. ಶೈಲಜಮ್ಮ ಬಗ್ಗಿ ನೋಡಿದರು. ಬಾವಿಯ ತುಂಬ ಬಿಳಿಯ ಹೊಟ್ಟೆಗಳು. ನೀರಿನ ಮೇಲೆ ಓಡಾಡುತ್ತಿದ್ದ ಉದ್ದಗಾಲಿನ ಹುಳುಗಳು ಕಾಲು ಮಡಚಿ ತೇಲುತ್ತಿದ್ದವು. ಗೊದಮೊಟ್ಟೆಗಳು ಕಲ್ಲಿನ ಸಂದಿಯಲ್ಲಿ ಗುಡ್ಡೆಯಾಗಿದ್ದವು. ಒಂದಾದರೂ ಮಿಸುಕಲಿಲ್ಲ. ನೀರು ಮಾತ್ರ ಎಂದೂ ಇಲ್ಲದಷ್ಟು ತಿಳಿಯಾಗಿತ್ತು. ಇರುವೆ ತುಳಿದರೂ ಶಿವ ಶಿವ ಎನ್ನುವ ಹೆಂಗಸು, ಬಾವಿಕಟ್ಟೆ ಹಿಡಿದು ಕೂತುಬಿಟ್ಟರು.

ಪೇಟೆಯಲ್ಲಿ ಧಾನ್ಯದ ಮಂಡಿ ಇಟ್ಟಿದ್ದ ಗಂಡ ಪರಮಶಿವಯ್ಯ ಇದನ್ನು ದೊಡ್ಡದು ಮಾಡಲಿಲ್ಲ. ಆಳುಗಳನ್ನು ಹಿಡಿದು ನೀರೆಲ್ಲ ಎತ್ತಿಸಿದರು, ಕೈಗೆ ಸಿಕ್ಕಷ್ಟು ಕೆಸರು ತೆಗೆಸಿದರು. ಹೊಸ ನೀರು ಜಿನುಗಿ ಬಾವಿ ತುಂಬಿತು. ರುಚಿ ಕೆಟ್ಟಿರಲಿಲ್ಲ, ವಾಸನೆ ಇರಲಿಲ್ಲ. ಮನೆಯವರೆಲ್ಲ ನಿಶ್ಚಿಂತೆಯಿಂದ ಕುಡಿದರು. ತಿಂಗಳು ಕಳೆದ ಮೇಲೆ ಶೈಲಜಮ್ಮ ಕೆಂಪಾಂಬುಧಿ ಕೆರೆಯಿಂದ ಮೀನು ತರಿಸಿ, ಇನ್ನಾದರೂ ಚೆನ್ನಾಗಿರಿ ಎಂದು ಹರಸಿ ಬಿಟ್ಟರು. ಮಾರನೆಯ ಬೆಳಿಗ್ಗೆ ಅವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಆಗ ಅವರಿಗೆ ತಾವು ಸುರಿದ ಕೊಡದ ನೆನಪಾಯಿತು. ಆರು ತಿಂಗಳು ಗೋಡೆ ಬಿಡದ ಔಷಧಿ ಬಾವಿಯ ಕಲ್ಲು ಕೆಸರನ್ನು ಬಿಟ್ಟೀತೇ? ಪಕ್ಕದ ಬೀದಿಯಲ್ಲಿದ್ದ ಮಾಯಣ್ಣನಿಗೆ ಹೇಳಿಕಳಿಸಿ, ಅವನು ಬಂದೊಡನೆ ಹಿತ್ತಲಿಗೆ ಕರೆದೊಯ್ದು ಒಂದೂ ಮುಚ್ಚಿಡದೆ ಹೇಳಿಬಿಟ್ಟರು. ಮಾಯಣ್ಣ ನಕ್ಕ.

"ಅದು ಸೊಳ್ಳೆ ತಿಗಣೆಗೆ ಅಷ್ಟೇ ಅಮ್ಮ. ಮನುಷ್ಯರಿಗೆ ಏನೂ ಆಗಲ್ಲ."

ಶೈಲಜಮ್ಮ ಬಾವಿಯಿಂದ ಒಂದು ಚೊಂಬು ನೀರು ಸೇದಿ ಅವನ ಕೈಗೆ ಕೊಟ್ಟರು. ಪರೀಕ್ಷೆ ಮಾಡಬೇಕೆಂದಲ್ಲ. ಬಿಸಿಲಲ್ಲಿ ಬಂದವನು ಅದನ್ನು ಗಟಗಟ ಕುಡಿದುಬಿಟ್ಟರೆ ತಮ್ಮ ಜೀವಕ್ಕೆ ಸಮಾಧಾನವಾದೀತೆಂಬ ಆಸೆ. ಮಾಯಣ್ಣ ಚೊಂಬನ್ನು ತುಟಿಯವರೆಗೂ ಎತ್ತಿದ. ಕಣ್ಣು ಬಾವಿಯೊಳಗೆ ಹೋಯಿತು. ನಿಧಾನವಾಗಿ ಚೊಂಬನ್ನು ಕಟ್ಟೆಯ ಮೇಲಿಟ್ಟ.

"ಈಗ್ತಾನೆ ಕಾಫಿ ಕುಡ್ದು ಬಂದೆ," ಎಂದ.

"ನನ್ನ ಮಗಳು ತಿಂಗಳಿಂದ ಇದನ್ನೇ ಕುಡೀತಿದಾಳಪ್ಪ," ಎಂದರು ಶೈಲಜಮ್ಮ.

ನಡುಮನೆಯಿಂದ ಶಿವಕುಮಾರಿ ನಗುತ್ತಾ ಕೂಗಿದಳು.

"ಅಮ್ಮಾ, ಬಾ ಇಲ್ಲಿ. ಇವತ್ತು ಕೂಸು ಒಂದೇ ಸಮನೆ ಒದೀತಿದೆ."

ಬೇರೆ ದಿನವಾಗಿದ್ದರೆ ಶೈಲಜಮ್ಮ ಓಡಿಹೋಗಿ ಆ ಹೊಟ್ಟೆಯ ಮೇಲೆ ಕೈಯಿಡುತ್ತಿದ್ದರು. ಇಂದು ಬಿಂದಿಗೆಯಲ್ಲಿ ಅದುರುತ್ತಿದ್ದ ಮೀನುಗಳು ಕಣ್ಣಿಗೆ ಕಟ್ಟಿ, ಅವರಿಗೆ ಕೈಯಿಡಲು ಭಯವಾಯಿತು.